ಗ್ರಾಫಿಕ್ಸ್ ಕಾರ್ಡ್: ರಸೀದಿಯಲ್ಲಿ ಪೂರ್ಣ ವಿವರ ಇರಲಿ

ಮಾನ್ಯರೇ,

ಕಚೇರಿಗಳು ಕೈಬಿಟ್ಟ ಹಳೆಯ ಡೆಸ್ಕ್‌ಟಾಪ್‌ಗಳನ್ನು ರಿಪೇರಿ ಮಾಡಿ ಕಡಿಮೆ ಬೆಲೆಗೆ ಮಾರುವ ವ್ಯಾಪಾರ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಜಿಲ್ಲಾ ಕೇಂದ್ರಗಳ ಸಣ್ಣ ಅಂಗಡಿಗಳವರೆಗೂ ಹಬ್ಬಿದೆ. ಮಕ್ಕಳ ಓದಿಗೆಂದು ಇಂಥದೊಂದನ್ನು ಕೊಂಡವರು ಸ್ವಲ್ಪ ಕಾಲದಲ್ಲೇ ಅದೇ ಮಕ್ಕಳ ಒತ್ತಾಯಕ್ಕೆ ಮಣಿದು, ಮೈನ್‌ಕ್ರಾಫ್ಟ್, ವ್ಯಾಲೊರಂಟ್‌ನಂಥ ಆಟಗಳು ತಡೆಯಿಲ್ಲದೆ ಓಡಲೆಂದು ಪರದೆಯ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಹುಡುಕಿಕೊಂಡು ಅಂಗಡಿಗೆ ಹೋಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅಲ್ಲಿ ಅವರಿಗೆ ಎದುರಾಗುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಎರಡು ಜಿಬಿ ಬೇಕಾ, ನಾಲ್ಕು ಜಿಬಿ ಬೇಕಾ?’ ಗ್ರಾಹಕರ ಹಣ ಪೋಲಾಗುವುದು ಬಹುಮಟ್ಟಿಗೆ ಈ ಪ್ರಶ್ನೆಯಿಂದಲೇ ಎಂಬುದು, ಕಂಪ್ಯೂಟರ್ ದುರಸ್ತಿಯನ್ನೇ ವೃತ್ತಿಯಾಗಿಸಿಕೊಂಡ ನನ್ನ ಅನುಭವ.

ಜಿಬಿ ಎಂಬುದು ಕಾರ್ಡಿನ ಮೆಮೊರಿಯ ಅಳತೆ, ವೇಗದ ಅಳತೆಯಲ್ಲ. ಎನ್‌ವಿಡಿಯಾ ಕಂಪನಿಯ ಜಿಟಿ 1030 ಕಾರ್ಡನ್ನೇ ನೋಡಿ. 2017ರಲ್ಲಿ ಬಂದ ಮೊದಲ ಆವೃತ್ತಿಯ ಜಿಡಿಡಿಆರ್5 ಬಗೆಯ ಮೆಮೊರಿ ಸೆಕೆಂಡಿಗೆ ಸುಮಾರು 48 ಜಿಬಿ ದತ್ತಾಂಶವನ್ನು ಸಾಗಿಸುತ್ತದೆ. ಮರುವರ್ಷ ಅದೇ ಹೆಸರಿನಲ್ಲಿ ಬಂದ ಡಿಡಿಆರ್4 ಬಗೆಯ ಮೆಮೊರಿಯ ಆವೃತ್ತಿ ಸಾಗಿಸುವುದು ಸುಮಾರು 17 ಜಿಬಿ ಮಾತ್ರ. ಎರಡೂ ‘ಜಿಟಿ 1030, 2 ಜಿಬಿ’ ಎಂದೇ ಮಾರಾಟವಾಗುತ್ತವೆ; ಆಟ ಶುರುವಾದ ಮೇಲಷ್ಟೇ ಎರಡನೆಯದರ ಬಂಡವಾಳ ಬಯಲಾಗುತ್ತದೆ. ಜಿಟಿ 710 ಕಾರ್ಡಿನ ಕತೆ ಇನ್ನೂ ಕಡೆ. ಅದರ ಹಳೆಯ ಕೆಪ್ಲರ್ ಪೀಳಿಗೆಯ ಚಿಪ್‌ಗಳಿಗೆ ಹೊಸ ಆಟಗಳಿಗೆ ಬೇಕಾದ ಡ್ರೈವರ್ ತಂತ್ರಾಂಶ ಕೊಡುವುದನ್ನು ಕಂಪನಿ 2021ರಲ್ಲೇ ನಿಲ್ಲಿಸಿದೆ. ಇನ್ನೊಂದು ಮಾನಿಟರ್ ಜೋಡಿಸಲು ಅದು ಸಾಕು. ಆಟಕ್ಕೆಂದು ಮಾರುವುದು ನ್ಯಾಯವಲ್ಲ.

ಕಾರ್ಡ್ ಸರಿಯಿದ್ದರೂ ಯಂತ್ರಕ್ಕೆ ಒಗ್ಗಬೇಕಲ್ಲ. ಕಚೇರಿಗಳ ಸಣ್ಣ ಡೆಸ್ಕ್‌ಟಾಪ್‌ಗಳಲ್ಲಿ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಕೆ ಘಟಕದ ಸಾಮರ್ಥ್ಯ ಕಡಿಮೆ. ಗ್ರಾಫಿಕ್ಸ್ ಕಾರ್ಡಿಗೆಂದೇ ಬೇರೆ ವಿದ್ಯುತ್ ವೈರ್ ಸಾಮಾನ್ಯವಾಗಿ ಇರುವುದಿಲ್ಲ. ಮದರ್‌ಬೋರ್ಡಿನ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. 2019ರ ಜಿಟಿಎಕ್ಸ್ 1650 ಈ ಮಿತಿಯೊಳಗೇ ಓಡಬಲ್ಲದಾದರೂ, ಅದೇ ಹೆಸರಿನ ಕೆಲವು ಮಾದರಿಗಳಿಗೆ ಆರು ಪಿನ್‌ಗಳ ಪ್ರತ್ಯೇಕ ವೈರ್ ಬೇಕಾಗುತ್ತದೆ. ತೆಳು ಕ್ಯಾಬಿನೆಟ್‌ಗೆ ಗಿಡ್ಡ ಪಟ್ಟಿಯ ಲೋ ಪ್ರೊಫೈಲ್ ಕಾರ್ಡೇ ಬೇಕು. ಇದನ್ನೆಲ್ಲ ಮಾರುವ ಮುನ್ನ ಕೇಳುವ ವ್ಯಾಪಾರಿಗಳು ಇದ್ದಾರೆ, ಆದರೆ ವಿರಳ.

ಎಷ್ಟೋ ಸಲ ಕಾರ್ಡೇ ಬೇಕಿರುವುದಿಲ್ಲ. ಎಎಂಡಿ ಕಂಪನಿಯ ರೈಜೆನ್ 5 5600ಜಿ ಅಂಥ ಪ್ರೊಸೆಸರ್‌ನೊಳಗಿರುವ ಗ್ರಾಫಿಕ್ಸ್ ಕಂಪ್ಯೂಟರಿನ ರ‍್ಯಾಮ್ ಅನ್ನೇ ಬಳಸಿಕೊಳ್ಳುವುದರಿಂದ, ಒಂದೇ ರ‍್ಯಾಮ್ ಇದ್ದ ಕಡೆ ಅಂಥದೇ ಇನ್ನೊಂದನ್ನು ಸರಿಯಾದ ಸ್ಲಾಟಿಗೆ ಹಾಕಿದರೆ ಆಟದ ಓಟ ಕಣ್ಣಿಗೆ ಕಾಣುವಷ್ಟು ಸುಧಾರಿಸುತ್ತದೆ. ಲಾಭ ಕಡಿಮೆಯಾದ್ದರಿಂದಲೋ ಏನೋ, ಈ ಸಲಹೆ ಅಂಗಡಿಗಳಲ್ಲಿ ಸುಲಭವಾಗಿ ಸಿಗದು.

ಎಲ್ಲಕ್ಕಿಂತ ಕೆಟ್ಟದ್ದು ನಕಲಿ ಕಾರ್ಡ್‌ಗಳ ಹಾವಳಿ. ನನ್ನ ಮೇಜಿಗೆ ಬಂದ ಒಂದು ಕಾರ್ಡಿನ ಮೇಲೆ ‘ಜಿಟಿಎಕ್ಸ್ 1050 ಟಿಐ, 4 ಜಿಬಿ’ ಎಂಬ ಹೊಳೆಯುವ ಸ್ಟಿಕ್ಕರ್ ಇತ್ತು, ಹಿಂಬದಿಯಲ್ಲಿ ಹಳೆಯ ಮಾನಿಟರ್‌ಗಳಿಗೆ ಜೋಡಿಸುವ ನೀಲಿ ವಿಜಿಎ ಪೋರ್ಟ್ ಇತ್ತು. ನಿಜವಾದ 1050 ಟಿಐ ಚಿಪ್‌ಗೆ ವಿಜಿಎ ಸಂಕೇತ ಕೊಡುವ ಸಾಮರ್ಥ್ಯವೇ ಇಲ್ಲ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಓಡಿಸಿದರೆ, ಕಾರ್ಡಿನ ಹೆಸರಿನ ಮುಂದೆಯೇ ನಕಲಿ ಎಂಬ ಎಚ್ಚರಿಕೆ ಬಂತು. ಒಳಗಿದ್ದದ್ದು ಕೆಪ್ಲರ್‌ಗೂ ಹಿಂದಿನ ಫರ್ಮಿ ಪೀಳಿಗೆಯ ಹಳೆಯ ಚಿಪ್. ಗ್ರಾಹಕರ ಬಳಿ ಇದ್ದ ಚೀಟಿಯಲ್ಲಿ ‘ಗ್ರಾಫಿಕ್ಸ್ ಕಾರ್ಡ್ 4 ಜಿಬಿ’ ಎಂದಷ್ಟೇ ಬರೆದಿದ್ದುದರಿಂದ ಅವರು ಯಾವ ಮಾತನ್ನೂ ಸಾಬೀತುಪಡಿಸುವಂತಿರಲಿಲ್ಲ.

ಹಳೆಯ ಸರಕನ್ನು ಹೊಸದೆಂದು ಮಾರುವುದನ್ನೂ ರಸೀದಿ ಕೊಡದಿರುವುದನ್ನೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಪರಿಗಣಿಸುತ್ತದೆ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು, ಆದರೆ ದೂರಿಗೆ ಆಧಾರ ಬೇಕು. ಆದ್ದರಿಂದ ಗ್ರಾಫಿಕ್ಸ್ ಕಾರ್ಡಿನ ರಸೀದಿಯಲ್ಲಿ ಪೂರ್ಣ ಮಾದರಿ ಹೆಸರು, ಮೆಮೊರಿಯ ಬಗೆ, ಸೀರಿಯಲ್ ನಂಬರ್ ಹಾಗೂ ಹೊಸದೋ ಬಳಸಿದ್ದೋ ಎಂಬುದನ್ನು ಕಡ್ಡಾಯವಾಗಿ ನಮೂದಿಸುವಂತೆ ರಾಜ್ಯದ ಆಹಾರ, ನಾಗರಿಕ ಸರಬರಾಜು ಮತ್ತು ಗ್ರಾಹಕರ ವ್ಯವಹಾರಗಳ ಇಲಾಖೆ ಕಂಪ್ಯೂಟರ್ ವ್ಯಾಪಾರಿಗಳಿಗೆ ಸೂಚನೆ ನೀಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

— ಕಂಪ್ಯೂಟರ್ ದುರಸ್ತಿಗಾರ, ತುಮಕೂರು