ಕನ್ಸೋಲ್‌ನಿಂದ ಪಿಸಿಗೆ ಹೊರಟ ಗೆಳೆಯನಿಗೆ

ಪ್ರೀತಿಯ ಗೆಳೆಯ,

ನಿನ್ನ ಪತ್ರ ಓದಿ ಖುಷಿಯಾಯಿತು. "ಕೊನೆಗೂ ಗೇಮಿಂಗ್ ಪಿಸಿ ತೆಗೆದುಕೊಳ್ಳಬೇಕೆಂದಿದ್ದೇನೆ, ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಿಸಲಿ?" ಎಂದು ಕೇಳಿದ್ದೀಯ. ಒಂದು ಕಾರ್ಡಿನ ಹೆಸರು ಬರೆದು ಕಳಿಸಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಆದರೆ ಒಂದೇ ಟಿವಿಯ ಪರದೆಯನ್ನು ಇಬ್ಬರೂ ಅರ್ಧರ್ಧ ಹಂಚಿಕೊಂಡು ವರ್ಷಗಟ್ಟಲೆ ಆಡಿದವರು ನಾವು. ನೀನು ಎಲ್ಲಿ ಗಂಟೆಗಟ್ಟಲೆ ಮೈಮರೆಯುತ್ತೀಯ, ಎಲ್ಲಿ ತಾಳ್ಮೆ ಕಳೆದುಕೊಂಡು ಕಂಟ್ರೋಲರ್ ಕೆಳಗಿಡುತ್ತೀಯ ಎನ್ನುವುದು ನನಗೆ ಗೊತ್ತು. ಅದಕ್ಕೇ ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು, ಈಗಿರುವ ಕನ್ಸೋಲನ್ನು ಮಾರಬೇಡ. ಪಿಸಿ ಬಂದ ಮೇಲೆ ಅದಕ್ಕೇನು ಕೆಲಸ ಎಂದು ನಿನಗೆ ಅನ್ನಿಸಬಹುದು. ಪ್ಲೇಸ್ಟೇಷನ್‌ನಲ್ಲಿ ಕೊಂಡ ಆಟ, ಪಿಸಿ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ನಿನ್ನದಾಗುವುದಿಲ್ಲ. ಅದೇ ಆಟವನ್ನು ಪಿಸಿಯಲ್ಲಿ ಆಡಬೇಕೆಂದರೆ ಮತ್ತೆ ಕೊಳ್ಳಬೇಕು. ಇನ್ನೂರು ಗಂಟೆ ಆಡಿ ಬೆಳೆಸಿದ ನಿನ್ನ ಆ ಪಾತ್ರವೂ ತಾನಾಗಿ ಬರುವುದಿಲ್ಲ. ಕೆಲವು ಆಟಗಳಲ್ಲಿ ಮಾತ್ರ, ಆಟದ ಕಂಪನಿಯ ಖಾತೆಗೆ ಎರಡೂ ಕಡೆ ಜೋಡಿಸಿಕೊಂಡರೆ, ಆಡಿದಷ್ಟನ್ನು ಉಳಿಸಿಟ್ಟ ಸೇವ್ ಹಿಂದೆಯೇ ಬರುತ್ತದೆ. ಎಕ್ಸ್‌ಬಾಕ್ಸ್ ಇರುವವರಿಗೆ ದಾರಿ ಕೊಂಚ ಸುಲಭ. 'ಪ್ಲೇ ಎನಿವೇರ್' ಎಂದು ನಮೂದಿಸಿರುವ ಆಟವನ್ನು ಒಮ್ಮೆ ಕೊಂಡರೆ ಕನ್ಸೋಲ್, ವಿಂಡೋಸ್ ಎರಡರಲ್ಲೂ ಆಡಬಹುದು, ಸೇವ್ ಕೂಡ ಎರಡೂ ಕಡೆ ಸಿಗುತ್ತದೆ. ಇನ್ನೊಂದು ವಿಷಯ: ಕನ್ಸೋಲನ್ನು ಆಟದ ನಡುವೆಯೇ ಮಲಗಿಸಿ, ಮರುದಿನ ಎಬ್ಬಿಸಿ, ಬಿಟ್ಟ ಹೆಜ್ಜೆಯಿಂದಲೇ ನಡೆಯುವ ಆ ಸುಖವನ್ನು ವಿಂಡೋಸ್ ಇನ್ನೂ ಅಷ್ಟು ನಂಬಿಕೆಯಿಂದ ಕೊಡುವುದಿಲ್ಲ. ಅದು ನಿನಗೆ ಖಂಡಿತ ಕಾಡುತ್ತದೆ, ಈಗಲೇ ತಿಳಿದಿರಲಿ.

ಈಗ ಕಾರ್ಡಿನ ವಿಚಾರ. ನಿನ್ನ ಪ್ರಶ್ನೆ ತಪ್ಪಲ್ಲ, ಆದರೆ ಅದು ಎರಡನೆಯ ಪ್ರಶ್ನೆ. ಮೊದಲು ಪರದೆಯನ್ನು ನಿಶ್ಚಯಿಸಿಕೋ. ಕಾರ್ಡ್ ಮಾಡುವ ಕೆಲಸವೆಲ್ಲ ಆ ಪರದೆಯನ್ನು ತುಂಬುವುದಕ್ಕಾಗಿ ತಾನೆ? 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿವೆ. 1440ಪಿಯಲ್ಲಿ ಸುಮಾರು 36.9 ಲಕ್ಷ. 4ಕೆಯಲ್ಲಿ ಸುಮಾರು 83 ಲಕ್ಷ, ಅಂದರೆ ಮೊದಲನೆಯದರ ಸರಿಯಾಗಿ ನಾಲ್ಕು ಪಟ್ಟು. ಇಷ್ಟನ್ನೂ ಸೆಕೆಂಡಿಗೆ 60 ಸಲ ಬಿಡಿಸಬೇಕಾದರೆ ಒಂದೊಂದು ಚಿತ್ರಕ್ಕೆ ಕಾರ್ಡಿಗೆ ಸಿಗುವ ಸಮಯ 16.7 ಮಿಲಿಸೆಕೆಂಡ್. 144 ಸಲ ಬೇಕೆಂದರೆ 7 ಮಿಲಿಸೆಕೆಂಡೂ ಸಿಗುವುದಿಲ್ಲ. 1080ಪಿಯಲ್ಲಿ ಕುಣಿದಾಡುವ ಕಾರ್ಡೇ 4ಕೆ ಪರದೆಯ ಮುಂದೆ ಏದುಸಿರು ಬಿಡುವುದು ಇದಕ್ಕೇ. ಪರದೆ ಗೊತ್ತಿಲ್ಲದೆ ಕಾರ್ಡ್ ಆರಿಸುವುದೆಂದರೆ ಕಾಲಿನ ಅಳತೆ ಕೊಡದೆ ಚಪ್ಪಲಿ ತರಿಸಿದ ಹಾಗೆ.

ಮೇಜಿನ ಮುಂದೆ ಕೂತು ಆಡುವವರಿಗೆ 27 ಇಂಚಿನ 1440ಪಿ ಮಾನಿಟರ್, 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದು) ಅಥವಾ ಅದಕ್ಕಿಂತ ಹೆಚ್ಚಿನದು, ಅದರಲ್ಲಿ ಫ್ರೀಸಿಂಕ್ ಅಥವಾ ಜಿ-ಸಿಂಕ್ ಇರಲೇಬೇಕು; ಇದು ನನ್ನ ಸಲಹೆ. ಅದಿದ್ದರೆ, ಕಾರ್ಡ್ ಒಮ್ಮೆ ಸೆಕೆಂಡಿಗೆ 90 ಚಿತ್ರ ಕೊಟ್ಟು ಮರುಗಳಿಗೆ 70ಕ್ಕೆ ಇಳಿದರೂ ಪರದೆ ಅದರ ತಾಳಕ್ಕೇ ಹೆಜ್ಜೆ ಹಾಕುತ್ತದೆ, ಚಿತ್ರ ಹರಿದಂತೆ ಕಾಣುವುದಿಲ್ಲ. ಸೋಫಾದಲ್ಲೇ ಕೂತು ಟಿವಿಯಲ್ಲೇ ಆಡುತ್ತೇನೆ ಎನ್ನುವುದಾದರೆ ಲೆಕ್ಕವೇ ಬೇರೆ, ಆಗ ಹೊಸ ಮಾನಿಟರ್ ಬೇಕಾಗಿಯೇ ಇಲ್ಲ.

ಮಾನಿಟರ್ ಬಂದ ದಿನ ಮಾಡಬೇಕಾದ ಒಂದು ಕೆಲಸವಿದೆ. ನಾನು 144 ಹರ್ಟ್ಸ್ ಪರದೆ ತಂದು ಹನ್ನೊಂದು ದಿನ 60ರಲ್ಲೇ ಆಡಿದೆ. ಪರದೆಯ ಶಕ್ತಿ ಎಷ್ಟೇ ಇರಲಿ, ವಿಂಡೋಸ್ ಅದನ್ನು 60ರಲ್ಲೇ ಇಟ್ಟಿರಬಹುದು. ಇಷ್ಟು ಖರ್ಚು ಮಾಡಿ ಇಷ್ಟೇನಾ ಎಂದು ಮನಸ್ಸು ಮುದುಡಿತ್ತು. ಹನ್ನೆರಡನೆಯ ದಿನ ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ಎಂದು ಒಂದೊಂದೇ ಒಳಗೆ ಹೋಗಿ ಆ ಅಂಕಿಯನ್ನು 144ಕ್ಕೆ ಏರಿಸಿದೆ. ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬೆಳಗಿತು. ಮೌಸ್ ಹಿಡಿದು ಬಾಣದ ಗುರುತನ್ನು ಸುಮ್ಮನೆ ಗುಂಡಗೆ ತಿರುಗಿಸಿದೆ. ಅಲ್ಲಲ್ಲಿ ಕಾಣಿಸಿಕೊಂಡು ಜಿಗಿಯುತ್ತಿದ್ದ ಬಾಣ ಎಣ್ಣೆಯ ಮೇಲೆ ಜಾರಿದಂತೆ ಹರಿಯಿತು. ಯಾವ ಆಟವನ್ನೂ ತೆರೆಯದೆ ಐದು ನಿಮಿಷ ಅದನ್ನೇ ನೋಡುತ್ತ ಕೂತಿದ್ದೆ. ಆ ಕ್ಷಣ ನಿನಗೆ ಮೊದಲ ದಿನವೇ ಸಿಗಲಿ.

ಇದರ ಜೊತೆಗೇ ನೆನಪಿಡಬೇಕಾದದ್ದು: ಮಾನಿಟರ್ ಕೇಬಲನ್ನು ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚು. ಪೆಟ್ಟಿಗೆಯ ಹಿಂದೆ ಮೇಲ್ಗಡೆ, ಯುಎಸ್‌ಬಿ ಕಿಂಡಿಗಳ ಪಕ್ಕದಲ್ಲಿ ಕಾಣುವ ಎಚ್‌ಡಿಎಂಐ ಕಿಂಡಿ, ಎಲ್ಲ ಭಾಗಗಳನ್ನೂ ಜೋಡಿಸುವ ಮುಖ್ಯ ಹಲಗೆಯಾದ ಮದರ್‌ಬೋರ್ಡಿನದು. ಅದಕ್ಕೆ ಚುಚ್ಚಿದರೆ ನಿನ್ನ ದುಬಾರಿ ಕಾರ್ಡ್ ಕೈಕಟ್ಟಿ ಕೂರುತ್ತದೆ.

ಉಳಿದ ಬಿಡಿಭಾಗಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ, ಆದರೆ ಕನ್ಸೋಲಿಗೂ ಪಿಸಿಗೂ ಇರುವ ಒಂದು ವ್ಯತ್ಯಾಸ ಗೊತ್ತಿರಬೇಕು. ಪ್ಲೇಸ್ಟೇಷನ್ 5ರಲ್ಲಿ 16 ಜಿಬಿ ಮೆಮೊರಿ ಇದೆ, ಅದನ್ನು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡೂ ಹಂಚಿಕೊಳ್ಳುತ್ತವೆ. ಪಿಸಿಯಲ್ಲಿ ಎರಡಕ್ಕೂ ಬೇರೆ ಬೇರೆ ಉಗ್ರಾಣ. ಮದರ್‌ಬೋರ್ಡಿನ ಮೇಲೆ ಕೂರುವ ರ‍್ಯಾಮ್ ಒಂದು, ಕಾರ್ಡಿನೊಳಗೇ ಇರುವ ವಿರ‍್ಯಾಮ್ ಇನ್ನೊಂದು. ರ‍್ಯಾಮನ್ನು ಮುಂದೆ ಹೆಚ್ಚಿಸಿಕೊಳ್ಳಬಹುದು, ವಿರ‍್ಯಾಮ್ ಕೊಂಡಷ್ಟೇ. ಹೊಸ ದೊಡ್ಡ ಆಟಗಳಿಗೆ 8 ಜಿಬಿ ವಿರ‍್ಯಾಮ್ ಈಗಾಗಲೇ ಬಿಗಿಯಾಗುತ್ತಿದೆ. ನೀನು ಒಂದು ಯಂತ್ರವನ್ನು ಏಳೆಂಟು ವರ್ಷ ಉಳಿಸಿಕೊಳ್ಳುವವನು, ಹಾಗಾಗಿ 12 ಅಥವಾ 16 ಜಿಬಿ ಇರುವ ಕಾರ್ಡಿನ ಕಡೆ ನೋಡು. ರ‍್ಯಾಮ್ 16 ಜಿಬಿ ಸಾಲುತ್ತದೆ, 32 ಆದರೆ ನೆಮ್ಮದಿ. ಎಷ್ಟೇ ಆಗಲಿ ಒಂದೇ ಪಟ್ಟಿಯ ಬದಲು ಎರಡು ಪಟ್ಟಿಗಳಾಗಿ ತೆಗೆದುಕೋ, ಪ್ರೊಸೆಸರಿಗೆ ಎರಡು ದಾರಿ ತೆರೆಯುತ್ತದೆ. ಲ್ಯಾಪ್‌ಟಾಪ್ ಕೊಳ್ಳುವ ಆಲೋಚನೆಯೇನಾದರೂ ಬಂದರೆ, ಕಾರ್ಡಿನ ಹೆಸರು ಒಂದೇ ಆದರೂ ಅದಕ್ಕೆ ಎಷ್ಟು ವ್ಯಾಟ್ ವಿದ್ಯುತ್ ಸಿಗುತ್ತದೆ ಎಂಬುದರ ಮೇಲೆ ವೇಗ ಬದಲಾಗುತ್ತದೆ ಎನ್ನುವುದನ್ನು ಮರೆಯಬೇಡ.

ಜಿಪುಣತನ ಮಾಡಲೇಬಾರದ ಜಾಗ, ಎಲ್ಲ ಭಾಗಗಳಿಗೂ ವಿದ್ಯುತ್ ಹಂಚುವ ಪವರ್ ಸಪ್ಲೈ. ನನ್ನ ಮೊದಲ ಪಿಸಿಯಲ್ಲಿ ನಾನು ಉಳಿತಾಯ ಮಾಡಿದ್ದು ಅಲ್ಲೇ. ಎಂಟು ತಿಂಗಳಾದ ಮೇಲೆ ಒಂದು ರಾತ್ರಿ ಟಪ್ಪೆಂದು ಸದ್ದಾಯಿತು, ಸುಟ್ಟ ವಾಸನೆ ಬಂತು. ಹೋಗುವಾಗ ಅದು ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಕಣ್ಣಿಗೆ ಕಾಣದ, ಯಾರೂ ಹೊಗಳದ ಭಾಗ ಅದು. ಅದಕ್ಕೆ ಒಳ್ಳೆಯದನ್ನೇ ಹಾಕು, ಬೇಕಿದ್ದರೆ ಬಣ್ಣದ ದೀಪಗಳ ಫ್ಯಾನ್ ಬಿಡು.

ನೀನೇ ಜೋಡಿಸುವ ಧೈರ್ಯ ಮಾಡಿದರೆ ನನಗೆ ತುಂಬ ಸಂತೋಷ. ಹೆದರುವಂಥದ್ದೇನೂ ಇಲ್ಲ, ಬೇಕಾಗಿರುವುದು ಒಂದು ನಕ್ಷತ್ರದ (ಫಿಲಿಪ್ಸ್) ಸ್ಕ್ರೂಡ್ರೈವರ್, ಒಂದು ಖಾಲಿ ಮೇಜು, ಅವಸರವಿಲ್ಲದ ಒಂದು ಮಧ್ಯಾಹ್ನ. ಬಿಡಿಭಾಗ ಮುಟ್ಟುವ ಮೊದಲು ಯಾವುದಾದರೂ ಬಣ್ಣ ಬಳಿಯದ ಲೋಹವನ್ನು ಮುಟ್ಟಿ ಮೈಮೇಲಿನ ಸ್ಥಾಯೀ ವಿದ್ಯುತ್ತನ್ನು ಇಳಿಸಿಕೋ. ಪ್ರೊಸೆಸರಿನ ಒಂದು ಮೂಲೆಯಲ್ಲಿ ಪುಟ್ಟ ತ್ರಿಕೋನವಿದೆ, ಸಾಕೆಟ್ಟಿನ ಮೇಲೂ ಅಂಥದೇ ಗುರುತಿದೆ. ಎರಡನ್ನೂ ಹೊಂದಿಸಿ ಕೈಬಿಟ್ಟರೆ ಅದು ತನ್ನ ಭಾರಕ್ಕೇ ಕೂರುತ್ತದೆ, ಒತ್ತಲೇಬಾರದು. ರ‍್ಯಾಮ್ ಪಟ್ಟಿಗೆ ಮಾತ್ರ ಟಕ್ ಎಂದು ಕೇಳುವವರೆಗೂ ಒತ್ತಬೇಕು. ನಾಲ್ಕು ಕಿಂಡಿಗಳಿದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು. ಪ್ರೊಸೆಸರನ್ನು ತಂಪಾಗಿಡುವ ಕೂಲರಿನ ತಳಕ್ಕೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ಅದನ್ನು ಕಿತ್ತ ಮೇಲೇ ಕೂರಿಸು. ಎಷ್ಟೋ ಜನ ಅದನ್ನು ಕೀಳದೆ, ಪಿಸಿ ಇಷ್ಟೇಕೆ ಬಿಸಿಯಾಗುತ್ತಿದೆ ಎಂದು ಕಂಗಾಲಾಗುತ್ತಾರೆ. ಎಲ್ಲ ಮುಗಿದು ಯಂತ್ರ ಉಸಿರಾಡಿದ ಮೇಲೆ ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ಸ್) ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬುದನ್ನು ಆನ್ ಮಾಡು. ಇಲ್ಲದಿದ್ದರೆ ರ‍್ಯಾಮ್ ತನ್ನ ಪೆಟ್ಟಿಗೆಯ ಮೇಲೆ ಬರೆದಿರುವ ವೇಗದಲ್ಲಿ ಓಡುವುದಿಲ್ಲ.

ಆಮೇಲೆ ನಿನ್ನನ್ನು ನಿಜವಾಗಿ ಪರೀಕ್ಷಿಸುವುದು ಆಟದ ಸೆಟ್ಟಿಂಗ್ಸ್ ಪುಟ. ಕನ್ಸೋಲಿನಲ್ಲಿ ಯಾವ ನೆರಳು ಎಷ್ಟು ನುಣುಪಾಗಿರಬೇಕು ಎಂಬುದನ್ನು ಆಟ ಮಾಡಿದವರೇ ಕೂತು ತೀರ್ಮಾನಿಸಿರುತ್ತಾರೆ. ಇಲ್ಲಿ ಮೂವತ್ತು ಸಾಲುಗಳ ಪಟ್ಟಿ ನಿನ್ನ ಮುಂದೆ ಬಿಚ್ಚಿಕೊಳ್ಳುತ್ತದೆ. ಹೊಸಬರು ಮಾಡುವ ಮೊದಲ ಕೆಲಸ ಎಲ್ಲವನ್ನೂ 'ಅಲ್ಟ್ರಾ'ಗೆ ಏರಿಸುವುದು, ಎರಡನೆಯದು ಆಟ ನಿಧಾನವಾಯಿತೆಂದು ಬೇಸರಪಡುವುದು. ಆಟ ಮಾಡಿದವರು ಕನ್ಸೋಲಿಗೆ ಆರಿಸುವುದೂ ಬಹುತೇಕ ಮಧ್ಯಮ ಮತ್ತು ಹೈ ಸೇರಿದ ಮಿಶ್ರಣವನ್ನೇ, ಅದನ್ನು ನೀನು ಇಷ್ಟು ವರ್ಷ ಮೆಚ್ಚಿಕೊಂಡೇ ನೋಡಿದ್ದೀಯ. ಟೆಕ್ಸ್ಚರ್, ಅಂದರೆ ವಸ್ತುಗಳ ಮೇಲ್ಮೈಯ ಚಿತ್ರವನ್ನು ಮಾತ್ರ ವಿರ‍್ಯಾಮ್ ಸಾಲುವಷ್ಟು ಮೇಲಿಡು, ಅದರಿಂದ ವೇಗ ಅಷ್ಟಾಗಿ ಇಳಿಯುವುದಿಲ್ಲ, ಗೋಡೆಯ ಬಿರುಕು, ಬಟ್ಟೆಯ ನೇಯ್ಗೆ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ. ನೆರಳು, ಮಂಜು-ಮೋಡಗಳ ಬೆಳಕು, ಬೆಳಕಿನ ಕಿರಣಗಳ ದಾರಿಯನ್ನೇ ಲೆಕ್ಕಹಾಕುವ ರೇ ಟ್ರೇಸಿಂಗ್ ಇವು ವೇಗವನ್ನು ನುಂಗುವ ಮೂವರು. ಇಳಿಸುವುದಾದರೆ ಇವರಿಂದಲೇ ಶುರು ಮಾಡು. ಇನ್ನೂ ಸಾಲದಿದ್ದರೆ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಅಥವಾ ಎಎಂಡಿಯ ಎಫ್‌ಎಸ್‌ಆರ್ ಇದೆ. 1440ಪಿಯಲ್ಲಿ ಅದನ್ನು 'ಕ್ವಾಲಿಟಿ'ಗೆ ಇಟ್ಟರೆ ಒಳಗೆ ಚಿತ್ರ 960ಪಿಯಲ್ಲಿ ತಯಾರಾಗಿ ನಿನ್ನ ಪರದೆಯ ಅಳತೆಗೆ ಹಿಗ್ಗುತ್ತದೆ. ಬಳಸಲು ಸಂಕೋಚ ಬೇಡ.

ಕೆಲವು ಆಟಗಳು ಮೊದಲ ಸಲ ತೆರೆದಾಗ 'ಶೇಡರ್ ಕಂಪೈಲ್ ಆಗುತ್ತಿದೆ' ಎಂದು ಕಾಯಿಸುತ್ತವೆ. ಬೆಳಕು-ಬಣ್ಣ ಲೆಕ್ಕಹಾಕುವ ಪುಟ್ಟ ಪ್ರೋಗ್ರಾಂಗಳನ್ನು ನಿನ್ನ ಕಾರ್ಡಿಗೆ ಹೊಂದುವಂತೆ ಸಿದ್ಧಪಡಿಸುವುದು ಅಂದರೆ ಅದೇ. ನಿನ್ನ ಕನ್ಸೋಲಿನಲ್ಲಿ ಎಲ್ಲರ ಬಳಿಯೂ ಒಂದೇ ಚಿಪ್ ಇರುವುದರಿಂದ ಆ ಅಡುಗೆ ಮೊದಲೇ ಆಗಿ ಬಂದಿರುತ್ತದೆ. ಪಿಸಿಗಳು ಸಾವಿರ ಬಗೆ, ಹಾಗಾಗಿ ನಿನ್ನ ಮನೆಯಲ್ಲೇ ಬೇಯಬೇಕು. ಅದನ್ನು ಪೂರ್ತಿ ಮುಗಿಯಲು ಬಿಡು. ನಡುವೆ ಹೊರಬಂದು ಆಡತೊಡಗಿದರೆ ಆಟ ಅಲ್ಲಲ್ಲಿ ತಡವರಿಸುತ್ತದೆ. ಸೆಟ್ಟಿಂಗ್ಸ್ ಒಮ್ಮೆ ಹೊಂದಿದ ಮೇಲೆ ಮೂಲೆಯಲ್ಲಿ ಕಾಣುವ ಆ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ಅಂಕಿಯನ್ನು ಆಫ್ ಮಾಡಿಬಿಡು. ಕಥೆಯ ಅತಿ ಮುಖ್ಯ ಘಳಿಗೆಯಲ್ಲಿ ಕಣ್ಣು ಆ ಅಂಕಿಯ ಮೇಲೇ ನೆಟ್ಟಿರುವ ಜನರನ್ನು ನೋಡಿದ್ದೇನೆ, ನನಗೆ ಬೇಸರವಾಗುತ್ತದೆ.

ಮೌಸ್ ಬಗ್ಗೆ ನಿನಗಿರುವ ಅಳುಕು ನನಗೆ ಅರ್ಥವಾಗುತ್ತದೆ. ನಿನ್ನ ಕಂಟ್ರೋಲರ್ ಎಲ್ಲಿಯೂ ಹೋಗುವುದಿಲ್ಲ, ಯುಎಸ್‌ಬಿ ಕೇಬಲ್ಲಿನಲ್ಲೋ ಬ್ಲೂಟೂತ್‌ನಲ್ಲೋ ಜೋಡಿಸಿದರೆ ಸ್ಟೀಮ್ ಅದನ್ನು ಗುರುತಿಸುತ್ತದೆ. ಕಾರು ಓಡಿಸುವ, ಫುಟ್‌ಬಾಲಿನ, ಕತ್ತಿವರಸೆಯ ಆಟಗಳನ್ನು ಅದರಲ್ಲೇ ಆಡು. ನಾನೂ ಇಂದಿಗೂ ಹಾಗೆಯೇ ಆಡುವುದು. ಆದರೆ ಗುರಿಯಿಟ್ಟು ಹೊಡೆಯುವ ಆಟಗಳಿಗೆ ಮೌಸನ್ನು ಒಂದು ತಿಂಗಳು ಪ್ರಾಮಾಣಿಕವಾಗಿ ಪ್ರಯತ್ನಿಸು. ವಿಂಡೋಸ್‌ನಲ್ಲಿ 'ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್' ಎಂಬುದನ್ನು ತೆಗೆದುಹಾಕು. ಅದಿದ್ದರೆ ಕೈ ಎಷ್ಟು ವೇಗವಾಗಿ ಚಲಿಸಿತು ಎಂಬುದರ ಮೇಲೆ ದೂರ ಬದಲಾಗುತ್ತದೆ, ಕೈಗೆ ಅಳತೆ ದಕ್ಕುವುದೇ ಇಲ್ಲ. ಮೌಸನ್ನು ಮೇಜಿನ ಮೇಲೆ ಸುಮಾರು 30 ಸೆಂಟಿಮೀಟರ್ ಎಳೆದಾಗ ಪಾತ್ರ ಒಂದು ಪೂರ್ತಿ ಸುತ್ತು ತಿರುಗುವಂತೆ ಸೆನ್ಸಿಟಿವಿಟಿ ಇಟ್ಟುಕೋ, ಆಮೇಲೆ ನಿನಗೆ ಬೇಕಾದಂತೆ ಚೂರುಚೂರು ಬದಲಿಸು. ಎಡಗೈ ಡಬ್ಲ್ಯೂ, ಎ, ಎಸ್, ಡಿ ಕೀಲಿಗಳ ಮೇಲೆ. ಮೊದಲ ವಾರ ಬೆರಳುಗಳು ಒಂದಕ್ಕೊಂದು ತೊಡರುತ್ತವೆ. ಆ ವಾರ ಆನ್‌ಲೈನ್ ಪಂದ್ಯಗಳಿಗೆ ಇಳಿಯಬೇಡ, ನಿಧಾನವಾಗಿ ಸಾಗುವ, ಒಬ್ಬನೇ ಆಡುವ ಆಟ ಹಿಡಿ. ಕೈ ಕುದುರಿದ ಮೇಲೆ ಒಂದು ದಿನ, ಯೋಚಿಸುವ ಮೊದಲೇ ಗುರಿ ಕೂತಿರುತ್ತದೆ.

ಆನ್‌ಲೈನ್ ಎಂದಾಗ ನೆನಪಾಯಿತು, ಪಿಸಿಯಲ್ಲಿ ಇತರರ ಜೊತೆ ಆಡುವುದಕ್ಕೆ ಯಂತ್ರದ ಕಂಪನಿಗೆ ಚಂದಾ ಕಟ್ಟಬೇಕಿಲ್ಲ. ಆಟ ಕೊಳ್ಳುವ ಅಂಗಡಿಗಳೂ ಹಲವು. ಸ್ಟೀಮ್ 2003ರಿಂದ ಇದೆ. ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಹಿಂದಿರುಗಿಸುತ್ತದೆ. ನಿನ್ನ ಯಂತ್ರದಲ್ಲಿ ಆಟ ಸರಿಯಾಗಿ ಓಡುತ್ತದೆಯೇ ಎಂದು ನೋಡಿಕೊಳ್ಳಲು ಅಷ್ಟು ಸಮಯ ಸಾಕು. ಜಿಒಜಿ ಎಂಬ ಅಂಗಡಿಯಲ್ಲಿ ಕೊಂಡ ಆಟಗಳಿಗೆ ನಕಲು ತಡೆಯುವ ಡಿಆರ್‌ಎಂ ಬೀಗವಿಲ್ಲ, ಇನ್‌ಸ್ಟಾಲರನ್ನು ನಿನ್ನ ಡಿಸ್ಕಿನಲ್ಲೇ ಇಟ್ಟುಕೊಳ್ಳಬಹುದು. ಕದ್ದ ಪ್ರತಿಗಳ ಕಡೆ ಮಾತ್ರ ತಿರುಗಿಯೂ ನೋಡಬೇಡ. ಅವುಗಳೊಳಗೆ ವೈರಸ್ ಅಡಗಿರಬಹುದು, ನಿನ್ನ ಬ್ಯಾಂಕಿನ ವ್ಯವಹಾರವೂ ಅದೇ ಯಂತ್ರದಲ್ಲಿ ನಡೆಯುತ್ತದಲ್ಲ.

ಇದೆಲ್ಲಕ್ಕಿಂತ ನನಗೆ ಹೆಚ್ಚು ಇಷ್ಟವಾದದ್ದನ್ನು ಹೇಳಿಬಿಡುತ್ತೇನೆ. ಪಿಸಿಯಲ್ಲಿ ಹಳೆಯ ಆಟಗಳು ಸುಲಭಕ್ಕೆ ಸಾಯುವುದಿಲ್ಲ. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದಿಂದ 1990ರ ದಶಕದ ಆರಂಭದ ಆಟಗಳೂ ಇಂದು ಎದ್ದು ನಿಲ್ಲುತ್ತವೆ. 2011ರಲ್ಲಿ ಬಂದ ಸ್ಕೈರಿಮ್ ಆಟಕ್ಕೆ ಜನ ಇಂದಿಗೂ ಹೊಸ ಊರು, ಹೊಸ ಕಥೆ, ಹೊಸ ಋತುಗಳನ್ನು ತಾವೇ ಕಟ್ಟಿ ಹಂಚುತ್ತಿದ್ದಾರೆ. ಮುಗಿಸಿದ ಆಟದ ನಕ್ಷೆಯನ್ನು ಮತ್ತೆ ಮತ್ತೆ ತೆರೆದು, ಇನ್ನೇನಾದರೂ ಉಳಿದಿದೆಯೇ ಎಂದು ಹುಡುಕುತ್ತಿದ್ದ ನಿನ್ನನ್ನು ನಾನು ಕಂಡಿದ್ದೇನೆ. ಈ ಪೆಟ್ಟಿಗೆ ನಿನಗೆ ಹೇಳಿ ಮಾಡಿಸಿದ್ದು ಎಂದು ನನಗೆ ಅನ್ನಿಸುವುದು ಅದಕ್ಕೇ.

ಈಗ ನೀನು ಮಾಡಬೇಕಾದ್ದು ಇಷ್ಟು. ಪಿಸಿ ಇಡಬೇಕೆಂದಿರುವ ಮೇಜಿನ ಉದ್ದ-ಅಗಲ ಅಳೆ. ಕುರ್ಚಿಯಲ್ಲಿ ಕೂತು ಕಣ್ಣಿನಿಂದ ಪರದೆ ಬರುವ ಜಾಗಕ್ಕೆ ಎಷ್ಟು ದೂರ ಎಂದು ನೋಡು. ಮುಂದಿನ ಒಂದು ವರ್ಷದಲ್ಲಿ ಆಡಲೇಬೇಕು ಅನ್ನಿಸುವ ಐದು ಆಟಗಳ ಹೆಸರು, ಒಟ್ಟು ಎಷ್ಟು ಖರ್ಚು ಮಾಡಬಲ್ಲೆ ಎಂಬ ಅಂಕಿ, ಇವನ್ನು ಬರೆದು ಕಳಿಸು. ಕಾರ್ಡಿನ ಹೆಸರನ್ನು ಮರುಟಪಾಲಿನಲ್ಲಿ ಬರೆಯುತ್ತೇನೆ. ಬಿಡಿಭಾಗಗಳು ಬಂದ ಮೇಲೆ ಪೆಟ್ಟಿಗೆಗಳನ್ನು ಬಿಚ್ಚದೆ ಇಟ್ಟಿರು, ಜೋಡಿಸುವ ದಿನ ನಾನೂ ಬರುತ್ತೇನೆ. ನನ್ನ ಕಂಟ್ರೋಲರನ್ನೂ ತರುತ್ತೇನೆ.

ನಿನ್ನ ದಾರಿ ಕಾಯುತ್ತಿರುವ,
ನಿನ್ನ ಎರಡನೇ ಆಟಗಾರ