ತಾಮ್ರದ ತಂತಿ ತೆಗೆಯುವ ಮುನ್ನ ಒಂದು ಮಾತು ಕೇಳಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಉಡುಪಿಯ ಒಂದು ಸಹಕಾರಿ ಸಂಘದವರು ನನ್ನನ್ನು ಕರೆಸಿಕೊಂಡಿದ್ದರು. ಅವರ ಹಿಂದಿನ ಕೋಣೆಯಲ್ಲಿ ಹಳೆಯ ಎಎಸ್/400 ಕಂಪ್ಯೂಟರ್ ಒಂದು ಈಗಲೂ ಓಡುತ್ತಿದೆ. ದಿನದ ವ್ಯವಹಾರವೆಲ್ಲ ಹೊಸ ತಂತ್ರಾಂಶಕ್ಕೆ ಹೋಗಿ ವರ್ಷಗಳಾದವು. ಆದರೆ ಹಳೆಯ ಅಡಮಾನ ಸಾಲ, ಷೇರು, ಠೇವಣಿಗಳ ಲೆಕ್ಕ ತೆಗೆಯಬೇಕಾದರೆ ಇವತ್ತಿಗೂ ಅದೇ ಗತಿ. ಕುಂದಾಪುರದ ಶಾಖೆಯವರು ಫೋನ್ ಲೈನಿನ ಮೂಲಕ ಕಂಪ್ಯೂಟರುಗಳನ್ನು ಜೋಡಿಸುವ ಮೋಡೆಮ್‌ನಿಂದ ಡಯಲ್ ಮಾಡಿ ಅದನ್ನು ನೋಡುತ್ತಿದ್ದರು. ಉಡುಪಿಯ ಕಚೇರಿಗೆ ಬರುತ್ತಿದ್ದ ತಾಮ್ರದ ತಂತಿ ತೆಗೆದು ಫೈಬರ್ ಹಾಕಿದ ಮರುದಿನದಿಂದ ಆ ದಾರಿ ಮುಚ್ಚಿತು. ಸಾಲ ತೀರಿಸಿ ಜಾಗದ ಕಾಗದ ಬಿಡಿಸಿಕೊಳ್ಳಲು ಕುಂದಾಪುರದ ಶಾಖೆಗೆ ಬಂದಿದ್ದ ವಯಸ್ಸಾದ ಹೆಂಗಸೊಬ್ಬರನ್ನು ಒಂಬತ್ತು ದಿನ ‘ನಾಳೆ ಬನ್ನಿ’ ಎಂದು ತಿರುಗಿಸಿದ್ದರು. ಕೇಳಿ ನನಗೆ ಬಹಳ ಸಂಕಟವಾಯಿತು. ಕಂಪ್ಯೂಟರಿಗೆ ಏನೂ ಆಗಿರಲಿಲ್ಲ.

ಫೋನ್ ಎತ್ತಿದರೆ ಟೋನ್ ಇತ್ತು, ಮಾತು ಮೊದಲಿಗಿಂತ ಸ್ವಚ್ಛವಾಗಿಯೇ ಕೇಳುತ್ತಿತ್ತು. ಹಾಗಾಗಿ ಲೈನಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಫೈಬರಿನಲ್ಲಿ ಧ್ವನಿ ಸಣ್ಣ ಸಣ್ಣ ತುಣುಕುಗಳಾಗಿ ಹೋಗುತ್ತದೆ. ತುಣುಕೊಂದು ಒಂದಿಷ್ಟು ತಡವಾಗಿ ಬಂದರೆ ನಮ್ಮ ಕಿವಿಗೆ ತಿಳಿಯುವುದಿಲ್ಲ, ಮೋಡೆಮ್‌ಗೆ ತಿಳಿಯುತ್ತದೆ. ವೇಗ ಇಳಿಸಿದರೆ ಕೆಲವೊಮ್ಮೆ ಸಂಪರ್ಕ ಸಿಗುವುದುಂಟು. ಹೆಚ್ಚಿನ ಸಲ ನಡುವೆ ಕಡಿದುಹೋಗುತ್ತದೆ. ತಂತಿ ಬದಲಿಸಲು ಬಂದವರು ‘ಈ ಲೈನಿಗೆ ಫೋನ್ ಅಲ್ಲದೆ ಬೇರೇನಾದರೂ ಜೋಡಿಸಿದ್ದೀರಾ’ ಎಂದು ಒಂದು ಮಾತು ಕೇಳಿದ್ದರೆ ಆ ಹೆಂಗಸು ಅಷ್ಟು ಸಲ ಬಸ್ ಹತ್ತಬೇಕಾಗಿರಲಿಲ್ಲ.

ನಾನು ಮಂಗಳೂರಿನ ಬೈಕಂಪಾಡಿಯ ಒಂದು ಗೇರುಬೀಜ ರಫ್ತು ಸಂಸ್ಥೆಯಲ್ಲಿ ಆಪರೇಟರ್ ಆಗಿದ್ದವನು. ಐಬಿಎಂ 1988ರಲ್ಲಿ ಹೊರತಂದ ಎಎಸ್/400ರ ಮುಂದೆಯೇ ನನ್ನ ಉದ್ಯೋಗದ ಹೆಚ್ಚಿನ ವರ್ಷಗಳು ಕಳೆದವು. ಹಸಿರು ಅಕ್ಷರದ ಅದರ ಟರ್ಮಿನಲ್‌ಗಳು ಟ್ವಿನಾಕ್ಸ್ ಎಂಬ ಕೇಬಲ್‌ನಲ್ಲಿ ಸಾಲಾಗಿ ಕೂರುತ್ತಿದ್ದವು, ಆ ಕೇಬಲ್‌ನ ಮಿತಿ 5000 ಅಡಿ. ಕಾರ್ಖಾನೆಯ ಆವರಣಕ್ಕೆ ಅದು ಧಾರಾಳವಾಯಿತು. ನಮ್ಮ ಇನ್ನೊಂದು ಘಟಕವಿದ್ದ ಕಾರ್ಕಳಕ್ಕೆ ಅದು ಎಲ್ಲಿ ಸಾಲಬೇಕು? ಹಾಗಾಗಿ ಒಂದು ಪರಿವರ್ತಕ ಪೆಟ್ಟಿಗೆ ತರಿಸಿದೆವು. ಅದರ ಒಂದು ಬದಿಗೆ ಟ್ವಿನಾಕ್ಸ್, ಇನ್ನೊಂದು ಬದಿಗೆ ಮೋಡೆಮ್. ಕಾರ್ಕಳದ ಸಾಧಾರಣ ಪಿಸಿಯ ಭಾಷೆಯನ್ನು ಅದು ಎಎಸ್/400ಕ್ಕೆ ತಿಳಿಯುವಂತೆ ಮಾಡಿಕೊಡುತ್ತಿತ್ತು. ಎರಡು ಯಂತ್ರಗಳಿಗೆ ಇಂಗ್ಲಿಷಿನ ‘ಎ’ ಎಂಬ ಅಕ್ಷರದ ಸಂಕೇತವೂ ಒಂದೇ ಅಲ್ಲ, ಪಿಸಿಯಲ್ಲಿ 41, ಎಎಸ್/400ರಲ್ಲಿ ಸಿ1. ಎಸ್‌ಟಿಡಿ ದರ ಇಳಿಯುವ ರಾತ್ರಿಯ ಹೊತ್ತಿಗೆ ಕಾದು, ಬೀಜ ಸುಲಿಯುವ ಹೆಂಗಸರ ವಾರದ ಮಜೂರಿಯನ್ನು ಕಾರ್ಕಳದ ಗುಮಾಸ್ತರು ಮಂಗಳೂರಿನ ಯಂತ್ರಕ್ಕೆ ತುಂಬುತ್ತಿದ್ದರು.

ಒಂದು ತಪ್ಪನ್ನು ಇಲ್ಲಿ ಬಿಡಿಸಿ ಹೇಳಲೇಬೇಕು, ಏಕೆಂದರೆ ಅದೇ ತಪ್ಪನ್ನು ಉಡುಪಿಯಲ್ಲಿಯೂ ಕಂಡೆ. ಪರಿವರ್ತಕದಿಂದ ಮೋಡೆಮ್‌ಗೆ ಹೋಗುವ 25 ಪಿನ್ನಿನ ಕೇಬಲನ್ನು ನಾವೇ ಬೆಸುಗೆ ಹಾಕಿ ಮಾಡಿದ್ದೆವು. ಎರಡು, ಮೂರು, ಏಳನೆಯ ಪಿನ್ನುಗಳಿಗೆ ಮಾತ್ರ ತಂತಿ. ಆರು, ಎಂಟು, ಇಪ್ಪತ್ತನೆಯ ಪಿನ್ನುಗಳನ್ನು ಪರಿವರ್ತಕದ ತುದಿಯಲ್ಲಿಯೇ ಒಂದಕ್ಕೊಂದು ಸೇರಿಸಿಬಿಟ್ಟಿದ್ದೆವು. ಅಕ್ಷರಗಳು ಸರಾಗವಾಗಿ ಓಡಾಡಿದವು. ಒಂದು ಅಕ್ಟೋಬರ್ ಸಂಜೆ ಕಾರ್ಕಳದಲ್ಲಿ ಸಿಡಿಲು ಬಡಿದು ಲೈನ್ ಕಡಿಯಿತು. ಅರ್ಧ ಗಂಟೆಯ ನಂತರ ನಾನು ಕೊಟ್ಟಾರದ ಮನೆಯಿಂದ ಡಯಲ್ ಮಾಡಿದೆ. ಹೆಸರು, ಪಾಸ್‌ವರ್ಡ್ ಕೇಳುವ ಪರದೆ ಬರಲಿಲ್ಲ. ನೇರವಾಗಿ ಮಜೂರಿಯ ಪುಟವೇ ತೆರೆದುಕೊಂಡಿತು! ಕಾರ್ಕಳದ ಗುಮಾಸ್ತರು ಅರ್ಧ ಬರೆದು ಬಿಟ್ಟಿದ್ದ ಮೊತ್ತದ ಮುಂದೆ ಕರ್ಸರ್ ಮಿನುಗುತ್ತಿತ್ತು. ನನ್ನ ಕೈ ತಣ್ಣಗಾಯಿತು. ಆ ನಂಬರಿಗೆ ಯಾರು ಫೋನ್ ಮಾಡಿದ್ದರೂ ಆ ಪುಟ ಅವರ ಕೈಗೆ ಸಿಗುತ್ತಿತ್ತು.

ಎಂಟನೆಯ ಪಿನ್ನು ‘ಆ ಕಡೆಯವರು ಇನ್ನೂ ಇದ್ದಾರೆ’ ಎಂದು ಹೇಳುವ ಪಿನ್ನು. ಇಪ್ಪತ್ತನೆಯದು ‘ನಾನು ಮುಗಿಸಿದೆ, ಫೋನ್ ಇಡು’ ಎಂದು ಮೋಡೆಮ್‌ಗೆ ಹೇಳುವುದು. ನಾವು ಎರಡರ ಬಾಯಿಯನ್ನೂ ಕಟ್ಟಿದ್ದೆವು, ಲೈನ್ ಕಡಿದದ್ದು ಯಂತ್ರಕ್ಕೆ ತಿಳಿಯಲೇ ಇಲ್ಲ. ಮರುದಿನ ಎಲ್ಲ ಪಿನ್ನುಗಳಿಗೂ ಸರಿಯಾಗಿ ತಂತಿ ಎಳೆದೆವು, ಮೋಡೆಮ್‌ಗೆ &ಸಿ1, &ಡಿ2 ಎಂಬ ಎರಡು ಆಜ್ಞೆಗಳನ್ನು ಕೊಟ್ಟೆವು. ಆಮೇಲೆ ಲೈನ್ ಕಡಿದ ಕ್ಷಣವೇ ಪುಟ ಮುಚ್ಚತೊಡಗಿತು.

ಉಡುಪಿಯ ಸಂಘದ ಕೇಬಲಿನಲ್ಲಿ ಅದೇ ಮೂರು ತಂತಿಗಳಿದ್ದವು. ಭದ್ರತಾಧಿಕಾರಿಯ ಖಾತೆಗೆ ಖಾತೆಯ ಹೆಸರೇ ಪಾಸ್‌ವರ್ಡ್, ಯಂತ್ರ ಬಂದ ದಿನದಿಂದ ಬದಲಾಗಿರಲಿಲ್ಲ. ಮೊದಲ ರಿಂಗಿಗೇ ಫೋನ್ ಎತ್ತುವಂತೆ ಮೋಡೆಮನ್ನು ಬಿಟ್ಟಿದ್ದರು. ಇದನ್ನೆಲ್ಲ ಹೊಂದಿಸಿದವರು ನಿವೃತ್ತರಾಗಿ ಹೋಗಿದ್ದಾರೆ, ಒಂದು ಸಾಲನ್ನೂ ಯಾರೂ ಬರೆದಿಟ್ಟಿಲ್ಲ. ಈಗಿರುವ ಹುಡುಗರು ಚುರುಕಾದವರೇ. ಆ ಕೋಣೆಯ ಬಾಗಿಲನ್ನು ಅವರಿಗೆ ಯಾರೂ ತೆರೆದು ತೋರಿಸಲಿಲ್ಲ, ಅಷ್ಟೇ.

ಉಡುಪಿಯ ಮೋಡೆಮ್ ತೆಗೆದು ಅಲ್ಲಿದ್ದ ಅಂಥದೇ ಪರಿವರ್ತಕಕ್ಕೆ ಸೀರಿಯಲ್ ಸಂಕೇತವನ್ನು ನೆಟ್‌ವರ್ಕಿಗೆ ದಾಟಿಸುವ ಒಂದು ಸಣ್ಣ ಪೆಟ್ಟಿಗೆ ಜೋಡಿಸಿದೆವು. ಕುಂದಾಪುರದವರು ಈಗ ವಿಪಿಎನ್, ಅಂದರೆ ಇಂಟರ್ನೆಟ್ಟಿನೊಳಗೆ ಹೊರಗಿನವರಿಗೆ ಕಾಣದ ಖಾಸಗಿ ದಾರಿಯ ಮೂಲಕ ಬರುತ್ತಾರೆ. ದೂರದಿಂದ ಕಂಪ್ಯೂಟರಿನೊಳಗೆ ಹೋಗುವ ಹಳೆಯ ವಿಧಾನವಾದ ಟೆಲ್ನೆಟ್ಟನ್ನು ನೇರ ಇಂಟರ್ನೆಟ್ಟಿಗೆ ತೆರೆದಿಟ್ಟರೆ ಸಾಕಲ್ಲವೇ ಎಂದು ಒಬ್ಬರು ಕೇಳಿದರು. ಅದರಲ್ಲಿ ಪಾಸ್‌ವರ್ಡ್ ಮುಚ್ಚುಮರೆಯಿಲ್ಲದೆ ಸಾಗುತ್ತದೆ, ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಹತ್ತನೆಯ ದಿನ ಮಧ್ಯಾಹ್ನ ಆ ಹೆಂಗಸಿನ ಸಾಲದ ಪುಟ ಕುಂದಾಪುರದಲ್ಲಿ ತೆರೆಯಿತು, ಸಂಜೆಯೊಳಗೆ ಜಾಗದ ಕಾಗದ ಅವರ ಕೈ ಸೇರಿತು.

ಕರಾವಳಿಯಲ್ಲಿ ಊರೂರಿಗೆ ಫೈಬರ್ ಬರುತ್ತಿರುವುದು ನನಗೂ ಸಂತೋಷದ ವಿಷಯವೇ. ಮಳೆಗಾಲದಲ್ಲಿ ನೀರು ಹೊಕ್ಕ ತಾಮ್ರದ ಜೋಡಣೆಗಳೊಂದಿಗೆ ನಾನು ಪಟ್ಟ ಪಾಡು ಯಾರಿಗೂ ಬೇಡ. ದೂರವಾಣಿ ಸೇವೆ ಕೊಡುವವರಲ್ಲಿ ನನ್ನ ವಿನಂತಿ ಇಷ್ಟೇ: ಹಳೆಯ ಲೈನ್ ಬದಲಿಸುವ ಅರ್ಜಿಯಲ್ಲಿ ಮೋಡೆಮ್, ಫ್ಯಾಕ್ಸ್, ಕಳ್ಳಗಂಟೆ, ಲಿಫ್ಟಿನ ಫೋನ್ ಏನಾದರೂ ಜೋಡಿಸಿದೆಯೇ ಎಂಬ ಪ್ರಶ್ನೆಯೊಂದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ. ‘ಹೌದು’ ಎಂದವರಿಗೆ ಬದಲಿ ವ್ಯವಸ್ಥೆ ಆಗುವವರೆಗೆ ಹಳೆಯ ತಂತಿಯನ್ನು ಇರಗೊಡಿ.

— ನಿವೃತ್ತ ಕಂಪ್ಯೂಟರ್ ಆಪರೇಟರ್, ಕೊಟ್ಟಾರ, ಮಂಗಳೂರು