ಮೇರಿ ಮಾತೆಯ ಮನೆಗೆ ಹೋಗುವ ಮುನ್ನ

ಚಿ. ಮಗಳಿಗೆ ಧಾರವಾಡದಿಂದ ಅವ್ವನ ಆಶೀರ್ವಾದಗಳು.

ತುರ್ಕಿಗೆ ಹೋದವಳು ಎರಡು ಜಾಗ ಮಾತ್ರ ತಪ್ಪಿಸಬೇಡವ್ವ. ಎರಡೂ ಕ್ರೈಸ್ತರ ಕ್ಷೇತ್ರಗಳು. ಎರಡಕ್ಕೂ ಮುಸ್ಲಿಮರು ಹರಕೆ ಹೊತ್ತು ಬರುತ್ತಾರೆ. ಶಿಶುನಾಳದ ಶರೀಫಜ್ಜನಿಗೆ ಹಿಂದೂ-ಮುಸ್ಲಿಮರಿಬ್ಬರೂ ನಡೆದುಕೊಳ್ಳುವುದನ್ನು ನೋಡುತ್ತ ಬೆಳೆದವಳಿಗೆ ಇದು ಸೋಜಿಗವೇನಲ್ಲ. ಆದರೆ ಜಾಗ ಒಂದೇ ಆದರೂ ಪ್ರಾರ್ಥನೆ ಅವರವರದೇ. ಒಬ್ಬಾಕೆ ಅಂಗೈ ಮೇಲ್ಮುಖ ಮಾಡಿ ದುವಾ ಕೇಳುತ್ತಿರುತ್ತಾಳೆ, ಪಕ್ಕದವಳು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿರುತ್ತಾಳೆ. ಬಲಿಪೂಜೆ, ಅಂದರೆ ಪಾದ್ರಿಗಳು ನಡೆಸುವ ಸಾಮೂಹಿಕ ಆರಾಧನೆ, ನಡೆದಿದ್ದರೆ ಹಿಂದೆ ನಿಂತು ನೋಡು. ಪಾದ್ರಿಗಳು ಪರಮಪ್ರಸಾದ (ಪವಿತ್ರ ರೊಟ್ಟಿ) ಕೊಡುವಾಗ ನಮ್ಮ ಗುಡಿಯ ರೂಢಿಯಲ್ಲಿ ಕೈ ಒಡ್ಡಬೇಡ, ಅದು ಅವರ ಚರ್ಚಿಗೆ ಸೇರಿದವರಿಗಷ್ಟೇ.

ಮೊದಲನೆಯದು ಮೆರ್ಯೆಮ್ ಅನಾ, ಮೇರಿ ಮಾತೆ ಕೊನೆಗಾಲ ಕಳೆದಳೆಂದು ನಂಬುವ ಮನೆ. ಇಜ್ಮಿರ್‌ನಿಂದ ಸೆಲ್ಚುಕ್‌ಗೆ ರೈಲಿದೆ. ಅಲ್ಲಿಂದ ಗುಡ್ಡದ ಮೇಲಕ್ಕೆ ಸುಮಾರು 7 ಕಿ.ಮೀ. ಟ್ಯಾಕ್ಸಿ ಮಾಡಿಕೊಂಡರೆ ಕಾಯಲು ಮೊದಲೇ ಹೇಳಿಬಿಡು. ಕುಶಾದಾಸಿ ಬಂದರಿಗೆ ಹಡಗು ಬಂದ ದಿನ ಬೆಳಗಿನ ಹೊತ್ತೇರುತ್ತಿದ್ದಂತೆ ಬಸ್ಸುಗಳ ಸಾಲು ಬರುತ್ತದೆ, ಆಮೇಲೆ ಒಳಗೆ ನಿಲ್ಲಲೂ ಬಿಡುವುದಿಲ್ಲ. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ದರ್ಗಾದಲ್ಲಿ ಮಾಡಿದಂತೆ ಚಪ್ಪಲಿ ಬಿಡಬೇಕಿಲ್ಲ. ಒಳಗೆ ಫೋಟೊ ತೆಗೆಯುವಂತಿಲ್ಲ.

ಗೋಡೆಯ ಮೇಲೆ ಒಂದು ಕೆಂಪು ಗೆರೆ ಎಳೆದಿದ್ದಾರೆ, ಅದನ್ನು ಹುಡುಕಿ ನೋಡು. ಗೆರೆಯ ಕೆಳಗಿನದು ಹಳೆಯ ಕಟ್ಟಡ, ಮೇಲಿನದು ಆಮೇಲೆ ಕಟ್ಟಿದ್ದು. ಜರ್ಮನಿಯ ಸನ್ಯಾಸಿನಿ ಆನ್ ಕ್ಯಾಥರೀನ್ ಎಮೆರಿಕ್‌ಗೆ ಕಂಡ ದರ್ಶನದ ವಿವರಗಳನ್ನು ಹಿಡಿದು ಇಜ್ಮಿರ್‌ನ ಪಾದ್ರಿಗಳು 1891ರಲ್ಲಿ ಈ ಜಾಗ ಗುರುತಿಸಿದರು. ಇದೇ ಮನೆ ಎಂದು ಕ್ಯಾಥೊಲಿಕ್ ಚರ್ಚ್ ಇವತ್ತಿಗೂ ಖಚಿತಪಡಿಸಿಲ್ಲ. ಆದರೂ 1967, 1979, 2006ರಲ್ಲಿ ಪೋಪ್‌ಗಳೇ ಬಂದು ಹೋದರು. ಮುಸ್ಲಿಮರು ಬರುವುದು ಬರೀ ಹರಕೆಯ ಆಸೆಗಲ್ಲ. ಕುರಾನ್‌ನಲ್ಲಿ ಹೆಸರು ಹಿಡಿದು ಹೇಳಿರುವ ಹೆಂಗಸು ಮರಿಯಮ್ ಒಬ್ಬಳೇ, 19ನೇ ಅಧ್ಯಾಯಕ್ಕೆ ಅವಳದೇ ಹೆಸರು. ಮೆಟ್ಟಿಲಿಳಿದರೆ ನೀರಿನ ನಲ್ಲಿಗಳು, ಅದರಾಚೆ ಹರಕೆಯ ಗೋಡೆ. ಬಟ್ಟೆಯ ಚೂರು ಅಥವಾ ಕಾಗದ ಕಟ್ಟು, ಪ್ಲಾಸ್ಟಿಕ್ ಬೇಡ. ಆಗಸ್ಟ್ 15ಕ್ಕೆ ದೊಡ್ಡ ಪೂಜೆ.

ಎರಡನೆಯದು ಇಸ್ತಾಂಬುಲ್ ಪಕ್ಕದ ಬುಯುಕಾದಾ ದ್ವೀಪದ ಆಯಾ ಯೋರ್ಗಿ, ಸಂತ ಜಾರ್ಜರ ಗ್ರೀಕ್ ಆರ್ಥೊಡಾಕ್ಸ್ ಮಠ. ಏಪ್ರಿಲ್ 23ರಂದು ಜಾತ್ರೆಯೇ ನೆರೆಯುತ್ತದೆ, ಬಂದವರಲ್ಲಿ ಮುಸ್ಲಿಮರೇ ಹೆಚ್ಚು. ಅಂದು ತುರ್ಕಿಗೆಲ್ಲ ರಜೆ, ಹಾಗಾಗಿ ದೋಣಿ ತುಂಬಿ ತುಳುಕುತ್ತದೆ. ಬೆಳಗಿನ ಮೊದಲ ದೋಣಿಗೇ ಹೊರಡಬೇಕು. ಇಸ್ತಾಂಬುಲ್‌ನ ಏಷ್ಯಾ ಭಾಗದ ಬೋಸ್ತಾಂಜಿ ದಂಡೆಯಿಂದ ಹತ್ತಿರ. ಕೊನೆಯ ಏರು ಕಲ್ಲುಹಾಸಿನ ಕಡಿದಾದ ದಾರಿ, ಮಳೆ ಬಿದ್ದರೆ ಜಾರುತ್ತದೆ. ಜನ ಬುಡದಲ್ಲಿ ಗಿಡಕ್ಕೆ ದಾರದ ತುದಿ ಕಟ್ಟಿ, ಉಂಡೆ ಬಿಚ್ಚುತ್ತ, ತುಟಿ ಪಿಟಕ್ಕೆನ್ನದೆ ಹತ್ತುತ್ತಾರೆ. ದಾರ ಹರಿದರೆ ಹರಕೆ ಫಲಿಸದು ಎಂಬ ನಂಬಿಕೆ. ಅವರ ದಾರ ತುಳಿಯದಂತೆ ಅಂಚಿನಲ್ಲೇ ನಡೆ, ಹತ್ತುವವರನ್ನು ಮಾತಿಗೆಳೆಯಬೇಡ. ನೀನೂ ಬಿಡುವುದಾದರೆ ಹತ್ತಿಯ ದಾರ ಒಯ್ಯಿ. ನೈಲಾನ್ ಕೊಳೆಯುವುದಿಲ್ಲ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಮೇಲೆ ಪುಟ್ಟ ಗಂಟೆ ಸಿಗುತ್ತದೆ. ಒಯ್ದವರು ಇಷ್ಟಾರ್ಥ ಕೈಗೂಡಿದ ಮೇಲೆ ಅದನ್ನು ತಂದು ಒಪ್ಪಿಸಬೇಕು. ಮತ್ತೆ ಬರುವ ಭರವಸೆ ಇದ್ದರೆ ಮಾತ್ರ ತೆಗೆದುಕೋ.

ಏಪ್ರಿಲ್‌ನಲ್ಲಿ ಆಗದಿದ್ದರೆ ಸೆಪ್ಟೆಂಬರ್ 24ಕ್ಕೆ ಸಂತ ತೆಕ್ಲಾಳ ಹಬ್ಬ ಇದೆ, ಅಂದೂ ಜನ ಹೀಗೆಯೇ ಹತ್ತುತ್ತಾರೆ. ಯಾವ ದಿನ ಗೊತ್ತುಮಾಡಿದೆ ಎಂದು ತಿಳಿಸು.

ನಿನ್ನ
ಅವ್ವ